ಹನ್ನೊಂದು ತಿಂಗಳ ಮನೆ, ಉಂಡಿ ಡಬ್ಬಿಯ ದೇವರು

ನಿಮ್ಮ ಮನೆಯಲ್ಲಿ ವರ್ಷ ಮುಗಿಯುತ್ತ ಬಂದದ್ದು ಕ್ಯಾಲೆಂಡರಿನಿಂದ ಗೊತ್ತಾಗುತ್ತಿರಬಹುದು. ನಮ್ಮ ಮನೆಯಲ್ಲಿ ಅದು ಗೊತ್ತಾಗುವುದು ಒಂದು ಸ್ಟೀಲಿನ ಡಬ್ಬಿಯಿಂದ. ಉಂಡಿ ಡಬ್ಬಿ ಎಂದು ಅದರ ಹೆಸರು. ಹೆಸರಿಗಷ್ಟೇ. ಅದರೊಳಗೆ ಉಂಡಿ, ಅಂದರೆ ಲಾಡು, ಕಂಡ ನೆನಪು ನನಗೂ ಇಲ್ಲ, ಡಬ್ಬಿಗೂ ಇರಲಿಕ್ಕಿಲ್ಲ. ಯಾವತ್ತೂ ಅಟ್ಟದ ಮೇಲೆ ಬೋರಲು ಬಿದ್ದಿರುವ ಅದನ್ನು ಅವ್ವ ಒಂದು ದಿನ ಕೆಳಗಿಳಿಸಿ, ತಿಕ್ಕಿ ತೊಳೆದು, ಹಿತ್ತಲ ಕಟ್ಟೆಯ ಬಿಸಿಲಿಗೆ ಇಟ್ಟಳೆಂದರೆ ನಮ್ಮ ಅಗ್ರಿಮೆಂಟು ಮುಗಿಯಲು ಬಂತು ಎಂದು ತಿಳಿಯಬೇಕು. ಆಫೀಸಿನಿಂದ ಬಂದವನು ಆ ಡಬ್ಬಿ ನೋಡುತ್ತೇನೆ, ಚಪ್ಪಲಿ ಬಿಡುವ ಮೊದಲೇ ಏಜೆಂಟನಿಗೆ ಫೋನು ಹಚ್ಚುತ್ತೇನೆ.

ಪುಣೆಯಲ್ಲಿ ಬಾಡಿಗೆಗೆ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಇಲ್ಲಿ ನಮ್ಮಂಥವರಿಗೆ ಮನೆ ಸಿಗುವುದು ‘ಲೀವ್ ಅಂಡ್ ಲೈಸೆನ್ಸ್’ ಎಂಬ ಕರಾರಿನ ಮೇಲೆ, ಅದೂ ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ. ನಾನು ಬಾಡಿಗೆದಾರ ಅಲ್ಲ, ಲೈಸೆನ್ಸ್ ಪಡೆದವನು. ಸ್ಕೂಟರ್ ಓಡಿಸಲು ಒಂದು ಲೈಸೆನ್ಸು, ಮನೆಯಲ್ಲಿ ಮಲಗಲು ಇನ್ನೊಂದು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು. ಏಜೆಂಟ ಲ್ಯಾಪ್‌ಟಾಪು, ಸಣ್ಣದೊಂದು ಕ್ಯಾಮೆರಾ, ಹೆಬ್ಬೆಟ್ಟಿನ ಯಂತ್ರ ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿಕೊಂಡು ಮನೆಗೇ ಬರುತ್ತಾನೆ. ಆಧಾರ್ ನಂಬರ್ ಕೊಡಬೇಕು, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು, ನಗದೆ ಫೋಟೋ ತೆಗೆಸಿಕೊಳ್ಳಬೇಕು. ಇವರು ಇವರೇ ಹೌದು ಎಂದು ಹೇಳಲು ಇಬ್ಬರು ಬೇಕು. ಸ್ಟಾಂಪ್ ಡ್ಯೂಟಿ, ನೋಂದಣಿ ಫೀ, ಏಜೆಂಟ ಮನೆತನಕ ಬಂದದ್ದಕ್ಕೆ ಅವನ ದಕ್ಷಿಣೆ, ಕೊನೆಗೆ ಪೊಲೀಸರಿಗೆ ನಮ್ಮ ಮಾಹಿತಿ. ಖರ್ಚಿನ ಪಾಲಿನ ಬಗ್ಗೆ ನಮ್ಮ ಮಾಲೀಕರು ಮೊದಲ ವರ್ಷವೇ ತೀರ್ಪು ಕೊಟ್ಟುಬಿಟ್ಟಿದ್ದಾರೆ: ಡ್ಯೂಟಿ ಮತ್ತು ಫೀ ಅರ್ಧ ಅರ್ಧ, ಏಜೆಂಟ ನಮ್ಮ ಪಾಲು, ಚಹಾ ಅವರ ಪಾಲು. ಚಹಾಕ್ಕೆ ಶುಂಠಿ ಹಾಕುತ್ತಾರಾದ್ದರಿಂದ ನಾನು ಮೇಲ್ಮನವಿ ಸಲ್ಲಿಸಿಲ್ಲ.

ನನ್ನ ಬಾಲ್ಯದಲ್ಲಿ ಇದ್ಯಾವುದೂ ಇರಲಿಲ್ಲ. ವಿಜಯಪುರದಲ್ಲಿ ನಾವಿದ್ದ ಬಾಡಿಗೆ ಮನೆಯ ಮಾಲಕಿ ಒಬ್ಬ ಮುದುಕಿ. ಆಕೆಯ ಕರಾರಿನಲ್ಲಿ ಇದ್ದದ್ದು ಒಂದೇ ಕಲಮು, “ಗ್ವಾಡಿಗೆ ಮಳಿ ಹೊಡೀಬ್ಯಾಡ್ರಿ.” ಅಮಾವಾಸ್ಯೆಗೊಮ್ಮೆ ಬಂದು, ಕೋಲು ಊರಿಕೊಂಡು, ಎಲ್ಲಾದರೂ ಮೊಳೆ ಹೊಡೆದಿದ್ದೇವೆಯೇ ಎಂದು ಗೋಡೆ ಗೋಡೆ ತಿರುಗಿ ನೋಡಿ ಹೋಗುತ್ತಿದ್ದಳು. ಅಪ್ಪ ಹೆದರಿ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದ. ಗಾಳಿ ಬಂದರೆ ಶ್ರಾವಣ ಹಾರಿ ಬೀದಿ ನೋಡುತ್ತಿತ್ತು. ಆ ಭಯ ಇನ್ನೂ ನನ್ನ ಕೈಯಿಂದ ಹೋಗಿಲ್ಲ. ಇವತ್ತಿಗೂ ನಮ್ಮ ಮನೆಯ ಕ್ಯಾಲೆಂಡರು ಕಿಟಕಿಯ ಚಿಲಕಕ್ಕೇ ತೂಗುತ್ತದೆ. ಸುತ್ತಿಗೆ ಹಿಡಿಯುವ ಗಂಡಸು ಬೇಕಿತ್ತು ಎಂದು ನನ್ನ ಹೆಂಡತಿ ಶಾರದಾ ಆಗಾಗ ನಿಟ್ಟುಸಿರು ಬಿಡುತ್ತಾಳೆ.

ಈಗಿನ ಮಾಲೀಕರು ಬಾಪಟ ಕಾಕಾ. ಕಾತ್ರಜದ ಹತ್ತಿರ ಅವರದೊಂದು ಹಳೆಯ ಎರಡಂತಸ್ತಿನ ಮನೆ. ಮೇಲೆ ಕಾಕಾ ಮತ್ತು ಅವರ ಹೆಂಡತಿ ಕಾಕೂ, ಕೆಳಗೆ ನಾನು, ಶಾರದಾ, ಅವ್ವ. ಕಾಕಾ ಸೊಲ್ಲಾಪುರದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಹೀಗಾಗಿ ಕನ್ನಡ ಬರುತ್ತದೆ. ಸಿಟ್ಟು ಬಂದಾಗ ಮಾತ್ರ ಮರಾಠಿಗೆ ಹೋಗುತ್ತಾರೆ. ಒಳ್ಳೆಯ ಮನುಷ್ಯ. ಕರಿಬೇವಿನ ಗಿಡ ಅವರದು, ಎಲೆ ನಮ್ಮದು. ನಲ್ಲಿ ಕೆಟ್ಟರೆ ನಾನು ಹೇಳುವ ಮೊದಲೇ ನಲ್ಲಿ ಬಿಚ್ಚುವ ಪಾನಾ ಹಿಡಿದು ನಿಂತಿರುತ್ತಾರೆ. ಆದರೆ ಅವರಿಗೆ ಒಂದು ಹಳೆಯ ಹೆದರಿಕೆ ಇದೆ.

ಕಾಕಾನ ತಂದೆಗೆ ಹಳೆ ಪುಣೆಯ ಪೇಠೆಯಲ್ಲಿ ಒಂದು ವಾಡೆ, ಹತ್ತಾರು ಕೋಣೆಗಳ ದೊಡ್ಡ ಮನೆ, ಇತ್ತಂತೆ. ಅದರ ಒಂದು ಖೋಲಿಯಲ್ಲಿ ಬಾಡಿಗೆಗೆ ಬಂದವರು ಬಿಡಲಿಲ್ಲ. ತಂದೆ ಕೇಸು ಹಾಕಿದರು. ಕಾಕಾನ ಹರೆಯವೆಲ್ಲ ಅಪ್ಪನ ಹಿಂದೆ ಕೋರ್ಟಿನ ಕಟ್ಟೆಯ ಮೇಲೆ ಕಳೆಯಿತು. ಎದುರಿನ ವಕೀಲ ಒಂದು ದಿನ ಎದ್ದು ನಿಂತು, ‘ಆ ಖೋಲಿಯ ಗೂಡಿನಲ್ಲಿ ನನ್ನ ಕಕ್ಷಿದಾರರ ಮನೆದೇವರು ಇದ್ದಾರೆ, ಒಂದು ದಿನವೂ ಪೂಜೆ ತಪ್ಪಿಲ್ಲ’ ಎಂದನಂತೆ. ಕೊನೆಗೆ ಖೋಲಿ ಕೈಗೆ ಬರಲಿಲ್ಲ. ನ್ಯಾಯಾಧೀಶರು ಏನು ಕಾರಣ ಬರೆದಿದ್ದರೋ ಏನೋ, ಕಾಕಾನ ತಲೆಯಲ್ಲಿ ಉಳಿದದ್ದು ಒಂದೇ: ಯಾರ ದೇವರು ಕೂತಿರುತ್ತದೋ ಅವರದೇ ಮನೆ.

ಆದ್ದರಿಂದ ಕಾಕಾ ತಮ್ಮದೇ ಒಂದು ಕಾಯದೆ ಮಾಡಿಕೊಂಡಿದ್ದಾರೆ. ಹಳೆಯ ಅಗ್ರಿಮೆಂಟು ಮುಗಿದ ದಿನ ಮುಂಜಾನೆ ನಾವು ಮನೆ ಬಿಡಬೇಕು. ಕಾಟು, ಕಪಾಟು, ಫ್ರಿಜ್ಜು ಇದ್ದಲ್ಲೇ ಇರಲಿ, ಅವಕ್ಕೆ ಅವರ ಅಭ್ಯಂತರವಿಲ್ಲ. ಆದರೆ ದೇವರು ಪೂಜೆಯ ಜಗುಲಿಯಿಂದ ಏಳಬೇಕು, ಒಲೆ ಆರಬೇಕು, ಬೀಗದ ಕೈ ಅವರ ಅಂಗೈಗೆ ಬರಬೇಕು. ಸಂಜೆ ಏಜೆಂಟ ಬಂದು ಹೊಸ ಅಗ್ರಿಮೆಂಟು ಆದ ಮೇಲೆ ನಾವು ಹೊಸ ಸಂಸಾರದಂತೆ ಒಳಗೆ ಬಂದು ಹಾಲು ಉಕ್ಕಿಸಬೇಕು. ಇದರ ಅಗತ್ಯವೇ ಇಲ್ಲ, ಕಾಗದ ಸಾಕು ಎಂದು ಏಜೆಂಟ ಪ್ರತಿ ವರ್ಷ ಹೇಳುತ್ತಾನೆ. “ನೀ ಕಾಗದ ನೋಡೀಯೋ ತಮ್ಮಾ, ನಾ ಕೋರ್ಟು ನೋಡೀನಿ” ಎಂದು ಕಾಕಾ ಅವನ ಬಾಯಿ ಮುಚ್ಚಿಸುತ್ತಾರೆ. ನನಗೆ ನಗು ಬರುತ್ತದೆ. ಅವ್ವನಿಗೆ ಮಾತ್ರ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. “ಖರೇನ ಅದ. ದೇವರಿದ್ದಲ್ಲೇ ಮನಿ” ಎಂದು ಮಾಲೀಕರ ಪಕ್ಷಕ್ಕೇ ನಿಲ್ಲುತ್ತಾಳೆ.

ಮನೆ ಇಲ್ಲದ ಆ ಒಂದು ದಿನ ಎಲ್ಲಿಗೆ ಹೋಗುವುದು? ಮೊದಲ ವರ್ಷವೇ ಅವ್ವ ಜೇಜುರಿಗೆ ಹೊರಡಿಸಿದಳು. ಅಲ್ಲಿಯ ಖಂಡೋಬಾ ಎಂದರೆ ನಮ್ಮ ಮೈಲಾರಲಿಂಗನೇ ತಾನೆ. ಉಂಡಿ ಡಬ್ಬಿಯಲ್ಲಿ ದೇವರನ್ನು ಕೂರಿಸಿ, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಒಳಗೆ ದೇವರು ಖಣಖಣ. ಕಂಡಕ್ಟರು, “ಆಜೀ, ಡಬ್ಬಿಯಲ್ಲಿ ಏನು, ಲಾಡೂ?” ಎಂದು ಕೇಳಿದ. ಅವ್ವ ತನ್ನ ಮುರುಕು ಮರಾಠಿಯಲ್ಲಿ ‘ದೇವರು’ ಎಂದಳು. ಅವನು ಎರಡು ಮಾತಾಡದೆ ಕೈ ಮುಗಿದು ಮುಂದಿನ ಸೀಟಿಗೆ ಹೋದ. ಆ ಸಂಜೆ ಅವ್ವನ ಒಂದೇ ಹಲುಬು, ಮಧ್ಯಾಹ್ನದ ನೈವೇದ್ಯ ತಪ್ಪಿತು, ದೇವರ ಸೊಂಟ ನೋಯಿತು ಅಂತ. ಅದನ್ನು ಕೇಳಿದ ಕಾಕೂ ತಲೆ ತಲೆ ಚಚ್ಚಿಕೊಂಡು, ಮುಂದಿನ ವರ್ಷದಿಂದ ನಿಮ್ಮ ದೇವರು ಆ ಒಂದು ದಿನ ನಮ್ಮ ದೇವರ ಮನೆಯಲ್ಲೇ ಕೂಡಲಿ, ನಾನು ನೈವೇದ್ಯ ಮಾಡುತ್ತೇನೆ ಎಂದರು. ಅಲ್ಲಿಂದ ಅದೇ ರೂಢಿಯಾಯಿತು.

ಕಾಕೂ ಆಡುವುದು ಮರಾಠಿ, ಅವ್ವ ಆಡುವುದು ಕನ್ನಡ. ಇಬ್ಬರೂ ದಿನಾ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಕಾಳು ಆರಿಸುತ್ತ ಗಂಟೆಗಟ್ಟಲೆ ಮಾತಾಡುತ್ತಾರೆ. ಏನು ತಿಳಿಯುತ್ತದೋ ದೇವರಿಗೇ ಗೊತ್ತು. ಆದರೆ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ಮನೆಯಲ್ಲಿ ಗಂಜಿ ಕುದಿಯುತ್ತದೆ. ಊರು ಬಿಟ್ಟು ಬಂದ ಮೇಲೆ ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಂತಿದ್ದ ಅವ್ವ ಮತ್ತೆ ನಕ್ಕದ್ದನ್ನು ನಾನು ಕೇಳಿದ್ದು ಆ ಮೆಟ್ಟಿಲ ಮೇಲಿಂದಲೇ. ಮನೆ ಬದಲಾಯಿಸುವ ಮಾತು ಬಂದಾಗಲೆಲ್ಲ ನಾನು ಹಿಂಜರಿಯುವುದು ಇದಕ್ಕೆ. ಮನೆ ಇನ್ನೊಂದು ಸಿಗುತ್ತದೆ. ಇಂಥ ಮೆಟ್ಟಿಲು ಎಲ್ಲಿಂದ ತರಲಿ?

ನಮ್ಮ ದೇವರುಗಳನ್ನೂ ಪರಿಚಯಿಸಿಬಿಡುತ್ತೇನೆ. ಒಬ್ಬ ಮೈಲಾರಲಿಂಗ, ಬೆಳ್ಳಿಯ ತಗಡಿನವನು. ಒಬ್ಬ ಗಣಪತಿ. ಮತ್ತೊಬ್ಬಳು ಅಕ್ಕಿಯ ಬಟ್ಟಲಲ್ಲಿ ಕೂತ ಹಿತ್ತಾಳೆಯ ಅನ್ನಪೂರ್ಣೆ, ಹೆಬ್ಬೆರಳಿನಷ್ಟು ಎತ್ತರ, ಕೈಯಲ್ಲಿ ಸೌಟು. ಆ ಸೌಟಿನ ತುದಿ ಎಡಕ್ಕೆ ಒಂಚೂರು ಸೊಟ್ಟಗಿದೆ. ಯಾಕೆ ಸೊಟ್ಟಗಿದೆ ಎಂದು ಚಿಕ್ಕವನಿದ್ದಾಗ ನಮ್ಮಜ್ಜಿಯನ್ನು ಕೇಳಿದ್ದೆ. “ತಾಟಿನಾಗ ಅನ್ನ ಬಿಟ್ಟ ಹುಡುಗ್ರ ತಲೀಗೆ ಹೊಡದು ಹೊಡದು ಹಂಗಾಗ್ಯಾದ” ಎಂದಿದ್ದಳು. ಅವತ್ತಿನಿಂದ ಇವತ್ತಿನವರೆಗೆ ನಾನು ತಟ್ಟೆಯಲ್ಲಿ ಒಂದಗುಳು ಬಿಟ್ಟವನಲ್ಲ. ಮದುವೆಮನೆಗಳಲ್ಲಿ ಬಡಿಸುವವರು ನನ್ನ ತಟ್ಟೆ ನೋಡಿ, ಪಾಪ, ಹಸಿದಿದ್ದಾನೆ ಎಂದು ಮತ್ತೆ ಬಡಿಸುತ್ತಾರೆ. ನನ್ನ ಹೊಟ್ಟೆಯ ಸುತ್ತಳತೆಗೆ ಆ ಸೌಟೇ ಕಾರಣ.

ಈ ಸಲ ಡಬ್ಬಿ ಬಿಸಿಲಿಗೆ ಬಂದಾಗ ಎಲ್ಲ ಎಂದಿನಂತೆ ಇರಲಿಲ್ಲ. ಕಾಕಾನ ಅಕ್ಕನ ಮಗನೊಬ್ಬ ತಳೇಗಾಂವದಲ್ಲಿ ಫ್ಲ್ಯಾಟು ಮಾರಿಸುವ ಕೆಲಸ ಮಾಡುತ್ತಾನೆ. ಹಬ್ಬಕ್ಕೆ ಬಂದವನು ಮಾಮನ ತಲೆ ತಿಂದು ಹೋಗಿದ್ದ: ಇಷ್ಟು ವರ್ಷ ಒಂದೇ ಕುಟುಂಬವನ್ನು ಇಟ್ಟುಕೊಳ್ಳುವುದು ಅಪಾಯ, ಕಾಗದದ ಮೇಲೆ ಹನ್ನೊಂದು ತಿಂಗಳಾದರೂ ಕೊನೆಗೆ ಬೇರು ಬಿಡುತ್ತಾರೆ, ಬದಲಾಯಿಸು, ನಾನು ಬೇರೆಯವರನ್ನು ತರುತ್ತೇನೆ. ಕಾಕಾನ ಹಳೆಯ ಹೆದರಿಕೆ ಎದ್ದು ಕೂತಿತು. ನಾನು ಅಗ್ರಿಮೆಂಟಿನ ಮಾತು ತೆಗೆದರೆ, “ಬಘೂ, ನೋಡೋಣಂತ” ಎಂದು ಕರಿಬೇವಿನ ಗಿಡಕ್ಕೆ ನೀರು ಹಾಕತೊಡಗಿದರು. ಅದಕ್ಕೆ ಆಗಲೇ ಎರಡು ಸಲ ನೀರು ಹಾಕಿಯಾಗಿತ್ತು. ಏಜೆಂಟನನ್ನು ಸದ್ಯಕ್ಕೆ ಕರೆಯಬೇಡ ಎಂದೂ ಹೇಳಿದರು.

ಆ ದಿನ ಬಂತು. ಅವ್ವ ಹೆಪ್ಪು ಹಾಕಿದ ಮೊಸರಿನ ಪಾತ್ರೆಯನ್ನೂ ಉಳಿಸದೆ ಒಲೆ ಒರೆಸಿದಳು. ದೇವರನ್ನು ಡಬ್ಬಿಯಲ್ಲಿ ಕೂರಿಸಿ ಮೇಲೆ ಒಯ್ದು ಕಾಕೂನ ಕೈಗೆ ಕೊಟ್ಟಳು. ನಾನು ಬೀಗದ ಕೈ ಕೊಟ್ಟೆ. ಪ್ರತಿ ವರ್ಷ “ಸಂಜಿಗೆ ಲಗೂ ಬರ್ರಿ” ಎನ್ನುತ್ತಿದ್ದ ಕಾಕಾ ಈ ಸಲ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ಬೀದಿಗೆ ಬಂದು ತಿರುಗಿ ನೋಡಿದೆ. ಕಿಟಕಿಯಲ್ಲಿ ನಮ್ಮ ಕ್ಯಾಲೆಂಡರು ತೂಗುತ್ತಿತ್ತು.

ಜೇಜುರಿಯ ಮೆಟ್ಟಿಲುಗಳನ್ನು ಅವ್ವ ಕೂತು ಕೂತು ಹತ್ತಿದಳು. ಸುತ್ತಲಿನ ಜನ “ಯೆಳಕೋಟ ಯೆಳಕೋಟ ಜಯ ಮಲ್ಹಾರ” ಎನ್ನುವಾಗ ಅವಳೊಬ್ಬಳು “ಏಳುಕೋಟಿ ಏಳುಕೋಟಿಗೋ” ಎಂದು ಊರಿನ ಧಾಟಿಯಲ್ಲೇ ಕೂಗಿದಳು. ಹಿಂದಿನಿಂದ ಯಾರೋ ಗದಗಿನ ಕಡೆಯವರು ಖುಷಿಯಿಂದ ದನಿ ಕೂಡಿಸಿದರು. ಭಂಡಾರ ಹಾರಿತು, ನಾವು ಮೂವರೂ ತಲೆಯಿಂದ ಕಾಲವರೆಗೆ ಅರಿಶಿನ. ಮನೆ ಉಳಿಸಪ್ಪಾ ಎಂದು ಕೇಳಿಕೊಳ್ಳಬೇಕೆಂದು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಗರ್ಭಗುಡಿಯ ಎದುರು ಬಂದಾಗ ಹಿಂದಿನವರು ನೂಕಿದ ರಭಸಕ್ಕೆ ಎಲ್ಲ ಮರೆತು, “ಸಾವಕಾಶ ರೀ” ಎಂದಷ್ಟೇ ಹೇಳಿ ಹೊರಗೆ ಬಂದೆ. ಅದನ್ನು ದೇವರು ಹೇಗೆ ಅರ್ಥ ಮಾಡಿಕೊಂಡನೋ.

ಸಂಜೆ ಮರಳಿದಾಗ ಕಾಕಾ ಮೆಟ್ಟಿಲ ಮೇಲೆ ಕೂತಿದ್ದರು. ಕೈಯಲ್ಲಿ ಬೀಗದ ಕೈ ಇತ್ತು, ಏಜೆಂಟನ ಸ್ಕೂಟರು ಇರಲಿಲ್ಲ. ನಮ್ಮ ಮುಖ ನೋಡದೆ, ಕೀಲಿಕೈಯನ್ನೇ ನೋಡುತ್ತ ಹೇಳಿದರು.

“ಸುರೇಶ, ಬ್ಯಾಸರ ಮಾಡ್ಕೋಬ್ಯಾಡ. ಒಂದು ತಿಂಗಳು ಇರ್ರಿ, ಅಷ್ಟರಾಗ ಬ್ಯಾರೆ ಮನಿ ನೋಡ್ಕೋರಿ. ನಿಮ್ಮ ಮ್ಯಾಲೆ ನನಗ ಸಂಶಯ ಇಲ್ಲಪಾ. ಆದ್ರ ನನಗ ಹೆದರಿಕಿ ಬರ್ತದ. ರಾತ್ರಿ ನಿದ್ದಿ ಇಲ್ಲ.”

ಸಿಟ್ಟು ಮಾಡೋಣವೆಂದರೆ ಮುದುಕರ ಮುಖ ನಮಗಿಂತ ಸಣ್ಣದಾಗಿತ್ತು. ಅವ್ವ ಮಾತ್ರ ಸೆರಗಿನಿಂದ ಅರಿಶಿನ ಕೊಡವಿಕೊಂಡು, “ಆತ್ರಿ ಸಾಹೇಬ್ರ. ನಿಮ್ಮ ಮನಿ, ನಿಮ್ಮ ಮಾತು. ಮೊದಲ ನಮ್ಮ ದೇವರನ್ನ ಇಸಕೊಂಡು ಬರ್ತೀನಿ” ಎಂದು ಮೇಲೆ ಹತ್ತಿದಳು. ನಾನೂ ಕಾಕಾನೂ ಹಿಂದೆ ಹೋದೆವು.

ಕಾಕೂ ದೇವರ ಮನೆಯ ಮುಂದೆ ಪೆಚ್ಚು ಮುಖ ಹಾಕಿಕೊಂಡು ನಿಂತಿದ್ದರು. ಆದದ್ದು ಇಷ್ಟು. ನಮ್ಮ ದೇವರು ಬಂದಿದ್ದಾರೆಂದು ತಮ್ಮ ದೇವರನ್ನೂ ಜೊತೆಗೇ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರು. ಎಲ್ಲರನ್ನೂ ಒಂದೇ ತಾಮ್ರದ ತಟ್ಟೆಯಲ್ಲಿ ಮೀಯಿಸಿ, ಒರೆಸಿ ಇಟ್ಟಿದ್ದರು. ಮೈಲಾರಲಿಂಗ, ಗಣಪತಿಯ ಗುರುತಿಗೆ ತೊಂದರೆಯಿಲ್ಲ. ಆದರೆ ಕಾಕೂನ ತವರಿನಿಂದ ಬಂದ ಅನ್ನಪೂರ್ಣೆಯೂ ಹಿತ್ತಾಳೆಯವಳೇ, ಹೆಬ್ಬೆರಳಿನಷ್ಟೇ ಎತ್ತರ. ಈಗ ಇಬ್ಬರೂ ಹೊಸ ನಾಣ್ಯದ ಹಾಗೆ ಫಳಫಳ ಹೊಳೆಯುತ್ತ ಅಕ್ಕಪಕ್ಕ ಕೂತಿದ್ದಾರೆ.

“ಅಹೋ, ಇದರಲ್ಲಿ ನಿಮ್ಮದು ಯಾವುದು, ನಮ್ಮದು ಯಾವುದು, ನನಗೆ ತಿಳಿಯುತ್ತಿಲ್ಲ” ಎಂದು ಕಾಕೂ ಮರಾಠಿಯಲ್ಲಿ ಅಲವತ್ತುಕೊಂಡರು.

ನಾನು ಒಂದೇ ನೋಟಕ್ಕೆ ಕಂಡೆ. ಬಲಗಡೆಯವಳು. ಸೌಟಿನ ತುದಿ ಎಡಕ್ಕೆ ಸೊಟ್ಟ. “ಅವ್ವಾ, ಇದು...” ಎಂದು ಬಾಯಿ ತೆರೆದೆ. ಅವ್ವ ನನ್ನ ಕಾಲ ಮೇಲೆ ಕಾಲಿಟ್ಟಳು. ತಪ್ಪಿ ಇಟ್ಟದ್ದಲ್ಲ, ತೂಕ ಹಾಕಿ ಇಟ್ಟದ್ದು.

“ಹೌದಲ್ರಿ ವೈನಿ, ನನಗೂ ತಿಳೀವಲ್ದು” ಎಂದಳು, ನಾಲ್ಕು ದಶಕ ದಿನಾ ಅವಳಿಗೆ ಕುಂಕುಮ ಹಚ್ಚಿದ ನನ್ನ ಅವ್ವ. ಇಬ್ಬರನ್ನೂ ಎತ್ತಿ, ತಿರುಗಿಸಿ, ಕನ್ನಡಕ ಹಾಕಿ, ತೆಗೆದು, ನೋಡಿ ಇಟ್ಟಳು. ಆಮೇಲೆ ಕಾಕಾನ ಕಡೆ ತಿರುಗಿದಳು.

“ಈಗ ಹೆಂಗ್ರಿ ಸಾಹೇಬ್ರ? ನಮ್ಮಾಕಿ ಇಲ್ಲೇ ಉಳದ್ರ ನಿಮ್ಮ ಕಾಯದೆ ಪ್ರಕಾರ ಮ್ಯಾಲಿನ ಮನಿ ನಮ್ದಾಗ್ತದ. ನಿಮ್ಮಾಕಿನ್ನ ನಾವು ಒಯ್ದ್ರ, ನಾವು ಹೋದ ಮನಿಯೆಲ್ಲಾ ನಿಮ್ದಾಗ್ತದ. ಪಾಪ, ಆ ಹೊಸ ಮಾಲಕರು ಏನ್ ಮಾಡ್ಯಾರು?”

ಕಾಕಾ ಅನ್ನಪೂರ್ಣೆಯರನ್ನು ನೋಡಿದರು. ಅವ್ವನನ್ನು ನೋಡಿದರು. ಕಾಕೂನನ್ನು ನೋಡಿದರು. ಕಾಕೂ ಬತ್ತಿ ಸರಿಮಾಡುವುದರಲ್ಲಿ ಮಗ್ನ. ಕಾಕಾನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು, ಕೊನೆಗೆ ನಗು ಹೊರಗೆ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಗೋಡೆ ಹಿಡಿದು ಕೆಳಗೆ ಕೂತರು.

“ಸ್ಟೇ ತಂದಾರ ನೋಡ್ರೀ, ಸ್ಟೇ! ನಮ್ಮಪ್ಪನ ವಕೀಲಗ ಈ ಬುದ್ಧಿ ಇದ್ದಿದ್ರ!” ಎಂದರು. ಬೀಗದ ಕೈಯನ್ನು ನನ್ನ ಕೈಗೆ ತುರುಕಿದರು. “ಫೋನ್ ಹಚ್ಚಪಾ ಆ ಏಜೆಂಟಗ. ನಮ್ಮ ತಳೇಗಾಂವದ ಅಳಿಯಗ ಏನ್ ಹೇಳಬೇಕು, ನಾ ಹೇಳ್ತೀನಿ.”

ಏಜೆಂಟ ಬಂದ. ಓಣಿಯ ಕಿರಾಣಿ ಅಂಗಡಿಯವನೂ ಅವನ ತಮ್ಮನೂ ಬಂದು, ಇವರು ಇವರೇ ಹೌದು ಎಂದರು. ಆದರೆ ಯಂತ್ರ ಒಪ್ಪಬೇಕಲ್ಲ. ನನ್ನ ಹೆಬ್ಬೆಟ್ಟಿನ ಗೆರೆಗಳ ತುಂಬ ಮೈಲಾರಲಿಂಗನ ಭಂಡಾರ. ಒತ್ತಿದರೆ ಒಲ್ಲೆ ಎನ್ನುತ್ತದೆ. ಯಂತ್ರದ ಗಾಜೂ ಹಳದಿಯಾಯಿತು. ಏಜೆಂಟ ತನ್ನ ಕರವಸ್ತ್ರದಿಂದ ಒರೆಸಿದ, ಅದೂ ಹಳದಿ. ಶಾರದಾ ನನ್ನನ್ನು ಬಚ್ಚಲಿಗೆ ಎಳೆದೊಯ್ದು ಕಡಲೆಹಿಟ್ಟು ಹಾಕಿ, ಅಂಟವಾಳದ ನೀರು ಹಾಕಿ, ಕೊನೆಗೆ ಪಾತ್ರೆ ತಿಕ್ಕುವ ನಾರನ್ನೇ ಹಿಡಿದಳು. ಚರ್ಮ ಸುಲಿಯುವ ಮೊದಲು ಪುಣ್ಯಕ್ಕೆ ಯಂತ್ರ ನನ್ನನ್ನು ಗುರುತು ಹಿಡಿಯಿತು. ಫೋಟೋ ತೆಗೆಯುವಾಗ ನಗಬಾರದು ಎಂದು ಏಜೆಂಟ ಗದರಿದ. ಆಗಲಿಲ್ಲ. ಈ ವರ್ಷದ ಅಗ್ರಿಮೆಂಟಿನಲ್ಲಿ ನಾನೂ ಕಾಕಾನೂ ಹಲ್ಲು ಬಿಟ್ಟುಕೊಂಡಿದ್ದೇವೆ, ನನ್ನ ಹಣೆ ಹಳದಿಯಾಗಿದೆ. ಚಹಾಕ್ಕೆ ಅವತ್ತು ಏಲಕ್ಕಿಯೂ ಬಿದ್ದಿತ್ತು.

ಹಾಲು ಉಕ್ಕಿಸಿ, ದೇವರನ್ನು ಜಗುಲಿಗೆ ಏರಿಸುವಾಗ ನೋಡಿದೆ. ಬಟ್ಟಲಲ್ಲಿ ಕೂತವಳ ಸೌಟು ನೆಟ್ಟಗಿತ್ತು. ಅವ್ವ ಬೇಕೆಂದೇ ಎಡಗಡೆಯವಳನ್ನು ಎತ್ತಿಕೊಂಡು ಬಂದಂತಿತ್ತು.

“ಅವ್ವಾ, ಇಕಿ ಕಾಕೂನ ಅನ್ನಪೂರ್ಣಿ.”

“ಗೊತ್ತದ.”

“ನಮ್ಮಾಕಿ ಮ್ಯಾಲೆ ಉಳದಾಳ.”

“ಅದೂ ಗೊತ್ತದ. ವೈನಿಗೂ ಗೊತ್ತದ. ನಾ ಕೆಳಗ ಇಳಿಯೋ ಮುಂದ ಅವ್ರೇ ಇಕಿನ್ನ ನನ್ನ ಕೈಯಾಗ ಇಟ್ರು. ನೀ ಸುಮ್ಮನ ಉಣ್ಣಾಕ ಕೂಡು.”

ಕೂತೆ. ಅಭ್ಯಾಸದಂತೆ ತಟ್ಟೆ ಖಾಲಿ ಮಾಡಿದೆ. ಆಮೇಲೆ ಹೊಳೆಯಿತು, ನಾನು ಹೆದರುವ ಸೌಟು ಈಗ ಮೇಲಿನ ಮನೆಯಲ್ಲಿದೆ ಎಂದು. ಆದರೂ ಮರುದಿನ ಒಂದಗುಳು ಬಿಡಲು ಧೈರ್ಯ ಬರಲಿಲ್ಲ.

ಕಾಕಾನಿಗೆ ಗೊತ್ತೋ ಇಲ್ಲವೋ ಎಂಬ ಅಳುಕು ಮಾತ್ರ ನನ್ನಲ್ಲಿ ಉಳಿದಿತ್ತು. ಕೋರ್ಟು ಕಂಡು ಹೆದರಿದ ಮುದುಕರನ್ನು ನಾವೆಲ್ಲ ಸೇರಿ ಮೋಸ ಮಾಡಿದೆವೇನೋ ಅನಿಸುತ್ತಿತ್ತು. ಮೊನ್ನೆ ಒಂದು ಮುಂಜಾನೆ ಮೇಲಿನಿಂದ ಕರೆದರು. ಹೋದೆ. ಪೂಜೆಗೆ ಕೂತಿದ್ದರು. ಅನ್ನಪೂರ್ಣೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದಿದ್ದರು.

“ಸುರೇಶ, ಇಕಿ ಸವಟು ಸೊಟ್ಟ ಅದ ನೋಡು. ಪಾತ್ರಿ ರಿಪೇರಿ ಮಾಡೋ ತಾಂಬಟಗಾರನ ಕಡೆ ಒಯ್ದು ನೆಟ್ಟಗ ಮಾಡಿಸ್ಲ್ಯಾ?”

“ಬ್ಯಾಡ್ರಿ ಕಾಕಾ, ಇರ್ಲಿ ಬಿಡ್ರಿ” ಎಂದೆ.

“ಹೂಂ. ನನಗೂ ಹಂಗ ಅನಸ್ತು” ಎಂದು ಅವಳನ್ನು ಮೆಲ್ಲಗೆ ಅಕ್ಕಿಯ ಬಟ್ಟಲಲ್ಲಿ ಕೂರಿಸಿದರು. “ನೆಟ್ಟಗ ಮಾಡಿಸಿದ್ರ ನನ್ನ ಬಾಡಿಗಿದಾರಳು ಯಾವಾಕಿ ಅಂತ ಗುರ್ತು ಹೆಂಗ ಸಿಗಬೇಕು?”

ಅವಳಿಗೆ ಅಗ್ರಿಮೆಂಟು ಇಲ್ಲ, ಹೆಬ್ಬೆಟ್ಟು ಇಲ್ಲ, ಪೊಲೀಸರಿಗೆ ಮಾಹಿತಿಯೂ ಕೊಟ್ಟಿಲ್ಲ. ಜೀವಮಾನವಿಡೀ ಬಾಡಿಗೆದಾರರಿಗೆ ಹೆದರಿದ ಬಾಪಟ ಕಾಕಾ ದಿನಾ ಮುಂಜಾನೆ ಅಂಗಳದ ದಾಸವಾಳ ಕಿತ್ತು ತಂದು ಅವಳ ತಲೆಯ ಮೇಲೆ ತಾವೇ ಇಡುತ್ತಾರೆ.